ಹಿತ್ತಲ ಬಾಗಿಲ ಕಾವಲು

ಟೋಪಿಯವನು ಮತ್ತೆ ಬಂದ. ಹಿತ್ತಲ ಬೇಲಿಯ ಮುರುಕು ಬಾಗಿಲನ್ನು ಸದ್ದಾಗದಂತೆ ಎತ್ತಿ ಸರಿಸಿ, ಒಳಗೆ ಕಾಲಿಟ್ಟು, ಮೆಟ್ಟಿಲ ಮೇಲೆ ಕೂತ. ಪೋಲಿ ಬೊಗಳಬೇಕಿತ್ತು. ನಾಯಿಯಾಗಿ ಹುಟ್ಟಿದ ಮೇಲೆ ಅವನಿಗಿದ್ದ ನೌಕರಿ ಅದೊಂದೇ. ಬೊಗಳಲಿಲ್ಲ. ಜೇಬಿನಿಂದ ಬಿಸ್ಕತ್ತು ಹೊರಬರುವುದನ್ನೇ ಕಾಯುತ್ತ ನಾಚಿಕೆಯಿಲ್ಲದೆ ಬಾಲ ಆಡಿಸಿದ.

ನಾಚಿಕೆಯಿಲ್ಲದ್ದು ಬಾಲಕ್ಕೆ ಮಾತ್ರ. ಉಂಡ ಮನೆಗೆ ಎರಡು ಬಗೆಯುತ್ತಿದ್ದೇನೆಂಬ ಸಂಕಟ, ನಿನ್ನೆ ತಿಂದ ಬಿಸ್ಕತ್ತಿನ ಜೊತೆಗೇ, ಪೋಲಿಯೊಳಗೆ ಕೂತಿತ್ತು.

ದ್ವೀಪ ಅಂಥ ದೊಡ್ಡದೇನಲ್ಲ. ಲಾಂಚು ನಿಲ್ಲುವ ಧಕ್ಕೆ, ಒಂದು ಅಂಗಡಿ, ಕಡಲಿಗೆ ಮುಖ ಮಾಡಿದ ಬಾಡಿಗೆ ಮನೆಗಳ ಸಾಲು. ಆ ಮನೆಗಳ ಉಸ್ತುವಾರಿ ಪೋಲಿಯ ಯಜಮಾನನದು. ರಜೆ ಎಂದರೆ ಬಂದವರಿಗೆ ಆರಾಮ, ಯಜಮಾನನಿಗೆ ಸೊಂಟ ಮುರಿಯುವಷ್ಟು ಕೆಲಸ, ಪೋಲಿಗೆ ಸುಗ್ಗಿ. ಹೊಸ ಹೊಸ ಚಪ್ಪಲಿಗಳ ವಾಸನೆ, ಮರಳಿನಲ್ಲಿ ಬಿದ್ದ ತಿಂಡಿ, ಯಾರೋ ಮರೆತುಹೋದ ಚೆಂಡು. ಎಲ್ಲಕ್ಕಿಂತ ಮೇಲಾಗಿ ಯಜಮಾನನ ಮಗಳು ಪುಟ್ಟಿ. ಶಾಲೆಯ ಗೊಡವೆಯಿಲ್ಲದೆ ದಿನವಿಡೀ ಅವನ ಜೊತೆ ಅಲೆಗಳ ಹಿಂದೆ ಓಡುತ್ತಿದ್ದಳು. ಸುಸ್ತಾದರೆ ಅವನ ಕುತ್ತಿಗೆಗೆ ಮುಖ ಹುದುಗಿಸಿ ಮಲಗಿಬಿಡುತ್ತಿದ್ದಳು. ಆಗ ಅವಳ ಎದೆಯಿಂದ ಸಣ್ಣಗೆ ಸುಂಯ್ ಸುಂಯ್ ಎಂಬ ಸದ್ದು ಬರುತ್ತಿತ್ತು. ಪೋಲಿಗೆ ಅದೇ ಜೋಗುಳ.

ಈ ಸಲ ರಜೆ ಶುರುವಾಗುವ ಮೊದಲೇ ಅಮ್ಮ ಪುಟ್ಟಿಯನ್ನು ಎತ್ತಿಕೊಂಡು ಲಾಂಚು ಹತ್ತಿದ್ದಳು. ಅಜ್ಜಿ ಮನೆಗಂತೆ. ರಜೆ ಮುಗಿಯಿತು, ಜನ ಹೋದರು, ಪುಟ್ಟಿ ಬರಲಿಲ್ಲ. ಕೊನೆಯ ಬಾಡಿಗೆ ಮನೆಯಲ್ಲಿ ಈ ಟೋಪಿಯವನು ಮಾತ್ರ ಉಳಿದುಕೊಂಡ. ಯಜಮಾನ ಧಕ್ಕೆಯ ಕಡೆ ಹೊರಟದ್ದೇ ತಡ, ಇವನು ಹಿತ್ತಲಲ್ಲಿ ಹಾಜರು.

ಮಹಾ ಕಿಲಾಡಿ. ಸಿಳ್ಳೆ ಹೊಡೆದರೆ ಯಜಮಾನನದೇ ಸಿಳ್ಳೆ, ಒಂದು ಉದ್ದ, ಒಂದು ಗಿಡ್ಡ. ಎಡಗಿವಿಯ ಹಿಂದೆ, ಹಳೆಯ ಗಾಯದ ಪಕ್ಕ, ಸರಿಯಾಗಿ ಅಲ್ಲೇ ಕೆರೆಯುತ್ತಿದ್ದ. ಮನೆಯವರ ಹೊರತು ಯಾರಿಗೂ ಗೊತ್ತಿಲ್ಲದ ಜಾಗ ಅದು. ಎಷ್ಟು ದಿನದಿಂದ ಹೊಂಚು ಹಾಕಿದ್ದನೋ!

"ಏನೋ ಪೋಲಿ, ನಾವಿಬ್ರೂ ಈಗ ಫ್ರೆಂಡ್ಸ್ ತಾನೇ?" ಅನ್ನುತ್ತಿದ್ದ. "ಪಾಪ, ನಿಮ್ಮ ಯಜಮಾನ್ರಿಗೆ ಸಂಕಟ ಆಗುತ್ತೆ. ಏನ್ ಮಾಡೋದು ಹೇಳು."

ಮೊದಮೊದಲು ಮೆಟ್ಟಿಲಿನಿಂದಲೇ ಎದ್ದು ಹೋಗುತ್ತಿದ್ದ. ಆಮೇಲೆ ಮನೆಯೊಳಗೇ ನುಗ್ಗತೊಡಗಿದ. ಬಾಗಿಲಿಗೆ ಬೀಗವಿರಲಿಲ್ಲ. ಊರವರ ಬೀಗದ ಕೈಗಳನ್ನೆಲ್ಲ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುವ ಯಜಮಾನ ಸ್ವಂತ ಮನೆಗೆ ಬೀಗ ಹಾಕುವುದನ್ನೇ ಮರೆಯುತ್ತಿದ್ದ. ದೀಪದ ಬುಡದಲ್ಲಿ ಕತ್ತಲೆ. ಪುಟ್ಟಿಯ ವಾಸನೆಯಿದ್ದ ಹಳೆಯ ಕಂಬಳಿ ಒಂದು ದಿನ ಹೋಯಿತು. ಇನ್ನೊಂದು ದಿನ ಪೋಲಿ ಉಣ್ಣುವ ಬೋಗುಣಿ. ರೇಡಿಯೊ ಎದುರಿಗೇ ಇತ್ತು, ಮುಟ್ಟಲಿಲ್ಲ. ಎಂಥ ದರಿದ್ರ ಕಳ್ಳನೋ! ಪೋಲಿ ಎಲ್ಲವನ್ನೂ ನೋಡಿದ. ಬಾಯಲ್ಲಿ ಬಿಸ್ಕತ್ತಿತ್ತು.

ಯಜಮಾನನಿಗೆ ವಿಷಯ ತಿಳಿದುಹೋಗಿದೆ. ಅದರಲ್ಲಿ ಪೋಲಿಗೆ ಅನುಮಾನವೇ ಇರಲಿಲ್ಲ. ಇಲ್ಲದಿದ್ದರೆ ಮಂಚದ ಪಕ್ಕ ಮಲಗುತ್ತಿದ್ದವನನ್ನು ಹೊರಗೆ ಜಗಲಿಗೆ ಅಟ್ಟಿದ್ದೇಕೆ? ಪುಟ್ಟಿಯನ್ನು ನೋಡಿಬರಲು ಲಾಂಚು ಹತ್ತುವ ದಿನ ಒಗೆದ ಅಂಗಿ ತೊಟ್ಟು, ಪ್ಯಾಂಟನ್ನು ಕೊಡವಿ ಕೊಡವಿ, ಆಸೆಯಿಂದ ಹತ್ತಿರ ಹೋದ ಪೋಲಿಯನ್ನು "ದೂರ ಇರೋ, ಮುಟ್ಬೇಡ" ಎಂದದ್ದೇಕೆ? ದ್ರೋಹಿಯನ್ನು ಯಾರು ಮುಟ್ಟಿಸಿಕೊಳ್ಳುತ್ತಾರೆ? ಬೈದಿದ್ದರೆ, ಒಂದೇಟು ಹಾಕಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಯಜಮಾನ ಹಾಗೇನೂ ಮಾಡಲಿಲ್ಲ. ತನ್ನ ತಟ್ಟೆಯ ಮೀನನ್ನೇ ಎತ್ತಿ ಪೋಲಿಯ ಮುಂದಿಟ್ಟು ಮುಖ ತಿರುಗಿಸಿಕೊಂಡ. ಮೀನು ಗಂಟಲಲ್ಲಿ ಇಳಿಯಲಿಲ್ಲ. ಅಂದರೆ, ಎಂದಿಗಿಂತ ನಿಧಾನವಾಗಿ ಇಳಿಯಿತು.

ಕಾವಲು ಕಾಯದ ನಾಯಿಯನ್ನು ಯಾರು ಮನೆಯಲ್ಲಿಟ್ಟುಕೊಳ್ಳುತ್ತಾರೆ? ಒಂದಲ್ಲ ಒಂದು ದಿನ ಹೊರಗೆ ಹಾಕುತ್ತಾರೆ. ಆಮೇಲೆ ಪುಟ್ಟಿ ಬಂದರೆ ಯಾರ ಕುತ್ತಿಗೆಗೆ ಮುಖ ಹುದುಗಿಸಿ ಮಲಗುತ್ತಾಳೆ? ಆ ಯೋಚನೆ ಬಂದಾಗಲೆಲ್ಲ ಪೋಲಿ ತನ್ನ ಮುಂಗಾಲನ್ನು ತಾನೇ ಕಚ್ಚಿಕೊಳ್ಳುತ್ತಿದ್ದ.

ಇವತ್ತೂ ಬಿಸ್ಕತ್ತು ಹೊರಬಂತು. ಪೋಲಿ ಮೂಗು ತಿರುಗಿಸಿದ. ಜೊಲ್ಲು ಸುರಿಯಿತು, ಸುರಿಯಲಿ. ಟೋಪಿಯವನು ನಿಟ್ಟುಸಿರು ಬಿಟ್ಟು ಇನ್ನೊಂದು ಜೇಬಿಗೆ ಕೈ ಹಾಕಿದ. ಹೊರಬಂದದ್ದು ಹಗ್ಗ.

"ಬಾರೋ ಮರಿ," ಎಂದ. "ಲಾಂಚಿಗೆ ಹೊತ್ತಾಯ್ತು."

ಕಂಬಳಿ ಆಯಿತು, ಬೋಗುಣಿ ಆಯಿತು, ಈಗ ಮನೆಯ ನಾಯಿಗೇ ಕೈ ಹಾಕಿದನಲ್ಲ! ಇಷ್ಟು ದಿನ ನುಂಗಿಕೊಂಡಿದ್ದ ಬೊಗಳಾಟವೆಲ್ಲ ಒಟ್ಟಿಗೇ ಹೊರಬಂತು. ಪೋಲಿ ನೆಗೆದು ಟೋಪಿಯವನ ಪ್ಯಾಂಟಿನ ತುದಿಯನ್ನು ಕಚ್ಚಿ ಹಿಡಿದ. ಟೋಪಿ ಹಾರಿ ಬಿತ್ತು. "ಅಯ್ಯೋ, ಬನ್ನಿ ಬೇಗ!" ಎಂದು ಅವನು ಕೂಗಿಕೊಂಡ.

ಯಜಮಾನ ಬಂದ. ಧಕ್ಕೆಯ ಕಡೆಯಿಂದಲ್ಲ, ಮನೆಯೊಳಗಿನಿಂದ. ಬಾಗಿಲ ಹಿಂದೆಯೇ ನಿಂತಿದ್ದವನಂತೆ ಬಂದ. ಕಣ್ಣು ಕೆಂಪಾಗಿದ್ದವು. ಪೋಲಿ ಹಿಡಿತ ಬಿಡದೆ ತಲೆಯೆತ್ತಿ ನೋಡಿದ. ಕಳ್ಳ ಸಿಕ್ಕಿದ್ದಾನೆ ನೋಡು ಯಜಮಾನ, ತಡವಾಯಿತು, ತಪ್ಪಾಯಿತು, ಆದರೂ ಹಿಡಿದುಕೊಟ್ಟೆ.

ಯಜಮಾನ ಮಂಡಿಯೂರಿ ಕೂತ. ಪೋಲಿಯ ದವಡೆಯನ್ನು ಮೆಲ್ಲಗೆ ಬಿಡಿಸಿದ. ಎಡಗಿವಿಯ ಹಿಂದೆ ಕೆರೆದ, ಎಷ್ಟೋ ದಿನಗಳ ಮೇಲೆ. ಕ್ಷಮಿಸಿಬಿಟ್ಟ! ಪೋಲಿಯ ಎದೆ ಹಗುರಾಯಿತು. ಯಜಮಾನ ತಾನೇ ಹಗ್ಗವನ್ನು ಅವನ ಕೊರಳಿಗೆ ಕಟ್ಟಿ, ಅದರ ತುದಿಯನ್ನು ಟೋಪಿಯವನ ಕೈಗಿಟ್ಟ.

"ಬೇಜಾರು ಮಾಡ್ಕೋಬೇಡಿ ಸಾರ್. ಬಾಗಿಲು ತೆಗೆದಿಟ್ಟೋನು ನಾನು, ಸಿಳ್ಳೆ ಕಲಿಸಿದೋನು ನಾನು, ತಪ್ಪೆಲ್ಲಾ ನಂದೇ. ಕರ್ಕೊಂಡು ಹೋಗಿ, ಚೆನ್ನಾಗಿ ನೋಡ್ಕೊಳ್ಳಿ. ಇವನು ಮನೇಲಿರೋ ತನಕ ನನ್ನ ಮಗಳಿಗೆ ಉಸಿರು ಕಟ್ಟೋದು ನಿಲ್ಲಲ್ಲ ಅಂದ್ಬಿಟ್ರು ಡಾಕ್ಟ್ರು."