ಹಗಲಿನ ಯೂನಿಟ್ಟು

ಮೂರನೆಯ ದಿನವೂ ಕರೆಂಟ್ ಮೀಟರಿನಲ್ಲಿ ಅದೇ ಲೆಕ್ಕ ಬಂತು. ಅವನು ಸ್ಟೂಲಿನಿಂದ ಇಳಿದು ಟಾರ್ಚ್ ಆರಿಸಿದ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಅರ್ಧ ಯೂನಿಟ್ಟು. ನಿನ್ನೆ ಅರ್ಧ. ಮೊನ್ನೆಯೂ ಅರ್ಧ.

ಅಷ್ಟನ್ನು ಫ್ರಿಜ್ ಒಂದೇ ತಿನ್ನುತ್ತದೆ. ಹಿಂದೊಮ್ಮೆ ಅಳೆದು ಬರೆದಿಟ್ಟಿದ್ದ. ಅಂದರೆ ಈ ಸೆಕೆಯಲ್ಲಿ, ಅಮ್ಮ, ಹೆಂಡತಿ, ಮಗಳು ಇರುವ ಮನೆಯಲ್ಲಿ, ಹಗಲಿಡೀ ಒಂದು ಫ್ಯಾನೂ ತಿರುಗಿಲ್ಲ.

ಮೀಟರ್ ಕೆಟ್ಟಿತ್ತೇ? ಅಂಗಡಿಗಳ ತಕ್ಕಡಿಗಳನ್ನು ಪರೀಕ್ಷಿಸುವುದು ಅವನ ನೌಕರಿ. ಅಳತೆಯ ಸಾಧನವನ್ನು ಮೊದಲು ಅನುಮಾನಿಸಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಭಾನುವಾರ ಮನೆಯಲ್ಲಿ ಉಳಿದದ್ದೆಲ್ಲ ಆರಿಸಿ, ನೂರು ವ್ಯಾಟಿನ ಬಲ್ಬೊಂದನ್ನು ಹತ್ತು ಗಂಟೆ ಉರಿಸಿ ನೋಡಿದ್ದ. ಸರಿಯಾಗಿ ಒಂದು ಯೂನಿಟ್ಟು. ಮೀಟರ್ ನೆಟ್ಟಗಿತ್ತು. ನೆಟ್ಟಗಿಲ್ಲದ್ದು ಬೇರೇನೋ.

ಒಂದೂವರೆ ವರ್ಷದಿಂದ ಕರೆಂಟ್ ಬಿಲ್ಲು ಇಳಿಯುತ್ತಲೇ ಇತ್ತು. ಇದು ತನ್ನ ಖರ್ಚಿನ ಪುಸ್ತಕದ ಗೆಲುವೆಂದು ಅವನು ತಿಳಿದಿದ್ದ. ಪುಸ್ತಕದಲ್ಲಿ ಎರಡೇ ಕಂಬಸಾಲು: ಅಗತ್ಯ, ಶೋಕಿ. ಅಕ್ಕಿ, ಔಷಧ, ಶಾಲೆಯ ಶುಲ್ಕ ಅಗತ್ಯದಲ್ಲಿ. ಅಮ್ಮನಿಗೆ ಮೆತ್ತನೆಯ ಕುರ್ಚಿ, ಮಗಳ ಬಣ್ಣದ ಪೆನ್ಸಿಲ್ಲು, ಮಧ್ಯಾಹ್ನದ ಎರಡನೇ ಚಹಾ ಶೋಕಿಯಲ್ಲಿ. ಹೆಂಡತಿ ಮೊದಮೊದಲು ಜಗಳವಾಡುತ್ತಿದ್ದಳು. ಹೊಲಿದು ತಾನು ಗಳಿಸಿದ್ದೂ ಪುಸ್ತಕಕ್ಕೇ ಸೇರತೊಡಗಿದಾಗ, ಕಣ್ಣು ನೋಯುತ್ತದೆಂದು ಹೇಳಿ ಹೊಲಿಗೆ ಯಂತ್ರವನ್ನು ತಂಗಿಗೆ ಕೊಟ್ಟುಬಿಟ್ಟಳು. ಆಮೇಲೆ ಜಗಳವೂ ನಿಂತಿತು. ಈಗ ಯಾರೂ ಏನನ್ನೂ ಕೇಳುತ್ತಿರಲಿಲ್ಲ.

ಅದಕ್ಕಿಂತ ಅವನನ್ನು ಕೊರೆಯುತ್ತಿದ್ದುದು ಇನ್ನೊಂದು. ಇತ್ತೀಚೆಗೆ ಹೆಂಡತಿ ಪಾತ್ರೆ ತೊಳೆಯುವಾಗ ಹಾಡು ಗುನುಗುತ್ತಿದ್ದಳು. ಕೆನ್ನೆ ತುಂಬಿಕೊಂಡಿತ್ತು. ಅವನು ನೋಡಿದರೆ ಹಾಡು ನಿಲ್ಲುತ್ತಿತ್ತು.

ಊಟಕ್ಕೆ ಕೂತಾಗ ಕೇಳಿದ. "ಹಗಲು ಎಲ್ಲಾದರೂ ಹೋಗಿದ್ಯಾ?"

"ಎಲ್ಲಿಗ್ರೀ ಹೋಗ್ಲಿ? ಹೋದ್ರೆ ನಿಮ್ಮ ಪುಸ್ತಕದಲ್ಲಿ ಯಾವ ಕಡೆ ಬರೀತೀರೋ ಏನೋ," ಎಂದು ಅವನ ತಟ್ಟೆಗೆ ಅನ್ನ ಬಡಿಸಿದಳು.

ಅವನು ಅಮ್ಮನ ಕಡೆ ತಿರುಗಿದ. ಅಮ್ಮ ಸುಳ್ಳು ಹೇಳುವವಳಲ್ಲ.

"ಇಡೀ ದಿನ ನನ್ನ ಕಣ್ಣೆದುರಿಗೇ ಇದ್ಲು ಕಣಪ್ಪ. ನಿಂಗ್ಯಾಕೆ ಇಲ್ಲದ ಯೋಚ್ನೆ? ಹುಳಿ ಹಾಕ್ಕೋ."

"ನೀನು ಸ್ಕೂಲಿಂದ ಬಂದು ಏನ್ಮಾಡಿದೆ ಪುಟ್ಟಿ?"

"ಮನೇಲೇ ಇದ್ದೆ ಅಪ್ಪ." ಮಗಳು ತಲೆಯೆತ್ತಲಿಲ್ಲ.

ಮೂರು ಸಾಕ್ಷಿ ಒಂದು ಕಡೆ, ಒಂದು ಯಂತ್ರ ಇನ್ನೊಂದು ಕಡೆ. ಯಂತ್ರಕ್ಕೆ ಯಾರ ಮೇಲೂ ಪ್ರೀತಿಯಿಲ್ಲ. ರಾತ್ರಿಯೆಲ್ಲ ಅವನಿಗೆ ನಿದ್ದೆ ಹತ್ತಲಿಲ್ಲ. ಹದಿಮೂರು ವರ್ಷದ ಸಂಸಾರ. ಅವಳು ಕೈಬಿಟ್ಟು ಹೋದರೆ? ಪಕ್ಕದಲ್ಲಿ ಅವಳ ಉಸಿರು ನಿರಾಳವಾಗಿತ್ತು.

ಮರುದಿನ ಎಂದಿನಂತೆ ಹೊರಟು, ಮೂರನೆಯ ನಿಲ್ದಾಣದಲ್ಲಿ ಬಸ್ ಇಳಿದ. ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿಗೆ ರಜೆ ಹೇಳಿ, ಬಂದ ದಾರಿಯಲ್ಲೇ ನಡೆದ. ಹತ್ತೂವರೆಗೆ ಮನೆಯೆದುರಿನ ಔಷಧದಂಗಡಿಯ ನೆರಳಿನಲ್ಲಿ ನಿಂತ. ಅಂಗಡಿಯವನು ಎರಡು ಸಲ ಏನು ಬೇಕೆಂದು ಕೇಳಿದ. ಬೇಡದಿದ್ದರೂ ತಲೆನೋವಿನ ಮಾತ್ರೆ ಕೊಂಡ. ಯಾವ ಕಂಬಸಾಲು? ಹೊಳೆಯಲಿಲ್ಲ.

ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಹೆಂಡತಿ ಹೊರಬಂದಳು. ಇಸ್ತ್ರಿ ಮಾಡಿದ ಸೀರೆ. ಕೈಯಲ್ಲಿ ಚೀಲ. ಬಾಗಿಲೆಳೆದು ಬೀಗ ಹಾಕಿ, ಜಗ್ಗಿ ನೋಡಿದಳು.

ಮನೆಯಿಂದ ಹೊರಗೆ ಕಾಲಿಡದ ಅಮ್ಮ ಒಳಗೆ! ಆ ಮುದುಕಿಯನ್ನು, ಫ್ಯಾನೂ ಹಾಕದೆ, ಒಳಗಿಟ್ಟು ಬೀಗ! ಓಡಿಹೋಗಿ ಬಾಗಿಲು ತೆಗೆಯಬೇಕೆನಿಸಿತು. ಆದರೆ ಬೀಗದ ಕೈ ಅವಳ ಸೊಂಟದಲ್ಲಿತ್ತು, ಅವಳು ಸರಸರನೆ ತಿರುವು ದಾಟುತ್ತಿದ್ದಳು. ಹಿಂದೆಯೇ ನಡೆದ.

ಎರಡೇ ಬೀದಿ. ಹಳದಿ ಬಣ್ಣದ ಮನೆಯೊಂದರ ಪಕ್ಕದ ಸಂದಿಗೆ ನುಗ್ಗಿ, ಹಿಂಬದಿಯ ಬಾಗಿಲು ತಟ್ಟಿದಳು. ಕಾಯುತ್ತಿದ್ದವರಂತೆ ಯಾರೋ ತಕ್ಷಣ ತೆರೆದರು. ಒಳಗಿನಿಂದ ತೋಳೊಂದು ಚೀಲ ಇಸಿದುಕೊಂಡಿತು. ಬಾಗಿಲು ಮುಚ್ಚಿತು.

ಅವನು ಮನೆಯ ಮುಂದಕ್ಕೆ ಸುತ್ತಿ ಬಂದ. ಮುಂಬಾಗಿಲಿನ ಮೆಟ್ಟಿಲ ಮೇಲೆ ಮನೆಯೊಡತಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು.

"ಹಿಂದಿನ ಮನೇಲಿ ಯಾರಿದಾರೆ?" ಅವನ ದನಿ ಅವನಿಗೇ ಗುರುತು ಸಿಗಲಿಲ್ಲ.

"ಬಟ್ಟೆ ಹೊಲಿಯೋಕೆ ಕೊಡೋದಿತ್ತಾ? ಧಾರಾಳವಾಗಿ ಕೊಡಿ, ಒಳ್ಳೇ ಕೈ."

"ಗಂಡಸು ಯಾರು?"

"ಗಂಡಸರ್‍ಯಾರೂ ಇಲ್ಲಪ್ಪ, ಅದಕ್ಕೇ ಮನೆ ಅಷ್ಟು ತಣ್ಣಗಿದೆ." ಅವಳು ತನ್ನ ಮಾತಿಗೆ ತಾನೇ ನಕ್ಕಳು. "ಒಂದೂವರೆ ವರ್ಷದಿಂದ ಇದಾರೆ. ಸೊಸೆ ಹೊಲೀತಾಳೆ. ಅತ್ತೆ ಮುಂಚೇನೇ ಬಂದು ಫ್ಯಾನ್ ಕೆಳಗೆ ಮೆತ್ತನೆ ಕುರ್ಚೀಲಿ ಕೂತು ಗುಂಡಿ ಹಾಕ್ತಾರೆ. ಮಗು ಸ್ಕೂಲಿಂದ ಸೀದಾ ಇಲ್ಲಿಗೇ. ಎಷ್ಟು ನಗ್ತಾರೆ ಅಂತೀರಿ, ನನ್ನ ಟೀವಿ ನಂಗೇ ಕೇಳಲ್ಲ!"

ಹಿಂಬದಿಯಿಂದ ನಗು ಕೇಳಿಸಿತು. ಅಮ್ಮ ಹಾಗೆ ನಗಬಲ್ಲಳೆಂದು ಅವನಿಗೆ ಗೊತ್ತಿರಲಿಲ್ಲ.

"ಕೊಡೋದಿದ್ರೆ ಈಗ್ಲೇ ಕೊಟ್ಬಿಡಿ," ಎಂದಳು ಮನೆಯೊಡತಿ, ಮೊರವನ್ನು ಪಕ್ಕಕ್ಕೆ ಸರಿಸಿ. "ಸಂಜೆ ಐದಕ್ಕೆ ಮೂವರೂ ಕೆಲಸಕ್ಕೆ ಹೊರಟುಬಿಡ್ತಾರೆ, ಪಾಪ. ಯಾರೋ ಒಬ್ಬರ ಮನೇಲಿ ರಾತ್ರಿ ಪಾಳಿಯಂತೆ."