ನಾಲ್ಕು ಶುಕ್ರವಾರ

ಮಾವನ ತೊಡೆಯ ಮೇಲೆ ಅವಳ ಸೈಕಲ್ಲಿನ ಹಿಂದಿನ ಚಕ್ರವಿತ್ತು.

ನಿಶಾತ್ ಅಡುಗೆಮನೆಯ ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತಳು. ಶುಕ್ರವಾರ ಮಧ್ಯಾಹ್ನ. ಗಂಡ ಸಾಕಿಬ್ ನಮಾಜಿಗೆ ಹೋಗಿದ್ದ. ಅತ್ತೆ ತಾರಸಿಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಹಜಾರದಲ್ಲಿ ಮಾವ ರಹಮತುಲ್ಲಾ ಒಬ್ಬರೇ. ಲಕ್ವ ಹೊಡೆದ ಬಲಗೈಯನ್ನು ಕಲ್ಲು ಹೇರಿದಂತೆ ಚಕ್ರದ ಮೇಲೆ ಹೇರಿ, ಎಡಗೈಯಿಂದ ಸ್ಪ್ಯಾನರ್ ತಿರುಗಿಸುತ್ತಿದ್ದರು.

ಕೊನೆಗೂ ಸಿಕ್ಕಿಬಿದ್ದರು.

ಅನುಮಾನ ಶುರುವಾಗಿ ಎರಡು ವಾರವಾಗಿತ್ತು. ಅಪಾರ್ಟ್‌ಮೆಂಟ್ ಖಾಲಿ ಮಾಡುತ್ತಿದ್ದ ಒಬ್ಬರಿಂದ ಕೊಂಡ ಸೈಕಲ್ಲು ಅದು. ಗಿಯರುಗಳೆಲ್ಲ ಹಿಂದಿನ ಚಕ್ರದ ನಟ್ಟನಡುವಿನ ಹಬ್‌ನ ಒಳಗೇ ಅಡಗಿದ್ದವು. "ಧೂಳು ಹೋಗಲ್ಲ, ನೀರು ಹೋಗಲ್ಲ. ವರ್ಷಗಟ್ಟಲೆ ಮುಟ್ಟೋದೇ ಬೇಡ ಕಣಮ್ಮಾ," ಎಂದಿದ್ದರು ಮಾರಿದವರು. ಅಂಥ ಗಿಯರು ವಾರಕ್ಕೊಮ್ಮೆ ಕೆಡುತ್ತದೆಂದರೆ ಯಾರೋ ಕೈ ಹಾಕುತ್ತಿದ್ದಾರೆ ಎಂದೇ ಅರ್ಥ. ಮನೆಯಲ್ಲಿ ಆ ವಿದ್ಯೆ ಗೊತ್ತಿದ್ದವರು ಒಬ್ಬರೇ. ತಣಿಸಂದ್ರದಲ್ಲಿ ಮೂವತ್ತು ವರ್ಷ ಸೈಕಲ್ ಅಂಗಡಿ ನಡೆಸಿ, ಮನೆಯ ಹೆಂಗಸರನ್ನು ಒಂದು ದಿನವೂ ಅದರ ಮೆಟ್ಟಿಲು ಹತ್ತಗೊಡದ ರಹಮತುಲ್ಲಾ. ಲಕ್ವ ಹೊಡೆದ ಮೇಲೆ ಅಂಗಡಿಯೂ ಹೋಯಿತು, ಮಾತೂ ಹೋಯಿತು. ಸೊಸೆ ಸೈಕಲ್ಲು ತಂದ ದಿನ ಅವರು ಗಂಟಲಿನಿಂದ ಹೊರಡಿಸಿದ ಸದ್ದು ಅವಳಿಗೆ ಬೈಗುಳದಂತೆಯೇ ಕೇಳಿಸಿತ್ತು.

ಮೊದಲ ಶುಕ್ರವಾರ ಗಿಯರಿನ ಕೇಬಲ್ ಎರಡೇ ಎರಡು ಸುತ್ತು ಸಡಿಲವಾಗಿತ್ತು. ಗಿಯರು ಜಾರುತ್ತಿತ್ತು. ಎರಡನೆಯ ಶುಕ್ರವಾರ ಅಚ್ಚಿನ ಬೇರಿಂಗನ್ನು ಒತ್ತಿಹಿಡಿಯುವ ಕೋನು ಬಿಗಿದುಕೊಂಡು, ಸೈಕಲ್ಲು ತಳ್ಳಿದರೆ ಪೆಡಲು ತಾನಾಗಿ ಸುತ್ತುತ್ತಿತ್ತು. ಮೂರನೆಯದು ಇನ್ನೂ ಕೆಟ್ಟದ್ದು. ತೆಳು ಎಣ್ಣೆ ಇರಬೇಕಾದಲ್ಲಿ ಯಾರೋ ಗಟ್ಟಿ ಗ್ರೀಸು ತುಂಬಿದ್ದರಿಂದ ಒಳಗಿನ ಪುಟ್ಟ ಕೊಕ್ಕೆಗಳು ಅಂಟಿಕೊಂಡಿದ್ದವು. "ಒಳಗಡೆ ಗಿಯರ್ ನಾವು ಬಿಚ್ಚಲ್ಲ ಮೇಡಂ," ಎಂದು ಮೂರು ಅಂಗಡಿಯವರು ಕೈ ಅಲ್ಲಾಡಿಸಿದರು. ಅವಳೇ ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು, ಮಾವನ ಹಳೆಯ ತಗಡಿನ ಪೆಟ್ಟಿಗೆ ತೆರೆದು ಕೂತಳು. ಬೇಕಾದ ಸ್ಪ್ಯಾನರ್ ಪ್ರತಿಸಲ ಮೇಲೆಯೇ ಸಿಗುತ್ತಿತ್ತು. ಅವಳು ಹೊಲಿಗೆಗೆ ಹೋಗುತ್ತಿದ್ದ ಆರ್.ಟಿ. ನಗರದ ಬೊಟೀಕಿಗೆ ಶುಕ್ರವಾರವೇ ರಜೆ. ಹಾಗಾಗಿ ಹೊಲಿಗೆ ಕೆಲಸ ಒಂದು ದಿನವೂ ತಪ್ಪಿರಲಿಲ್ಲ.

ಆದರೆ ಸಾಕಿಬ್‌ಗೆ ಸಾಕಾಗಿತ್ತು. "ಇನ್ನೊಂದ್ ಸಲ ಕೆಟ್ರೆ ಗುಜರಿಗೆ ಹಾಕ್ತೀನಿ. ಹೊಲಿಯೋದಿದ್ರೆ ಮನೇಲೇ ಹೊಲಿ," ಎಂದಿದ್ದ. ಆ ಮನೆಯ ಒಂದೇ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಕೈ ಚಾಚಿದರೆ ಅದರ ಸಿಮೆಂಟು ತಾಗುತ್ತಿತ್ತು. ಆರು ವರ್ಷ ಆ ಗೋಡೆ ನೋಡಿದ ಮೇಲೆ ಅವಳಿಗೆ ಸಿಕ್ಕಿದ್ದು ಕೆಲಸದ ದಾರಿಯ ನಾಗವಾರದ ಏರು, ಅದರಾಚೆಯ ಗಾಳಿ. ಅದೂ ಈಗ ಈ ಮುದುಕನ ಎಡಗೈಯಲ್ಲಿತ್ತು.

ಪರದೆ ಸರಿಸಿ ಹೊರಬಂದಳು. "ಸಮಾಧಾನ ಆಯ್ತಾ ಅಬ್ಬಾ?"

ರಹಮತುಲ್ಲಾ ಬೆಚ್ಚಿದರು. ಆದರೆ ಏನನ್ನೂ ಬಚ್ಚಿಡಲಿಲ್ಲ. ಚಕ್ರವನ್ನು ಮೊಣಕಾಲಿನಿಂದ ಅವಳತ್ತ ನೂಕಿದರು. ಸ್ಟೂಲಿನ ಮೇಲಿದ್ದ ಸ್ಟೀಲ್ ಮುಚ್ಚಳವನ್ನು ಬೆರಳಲ್ಲಿ ತೋರಿಸಿದರು. ಅದರಲ್ಲಿ ಕೂದಲೆಳೆಯಂಥ ಒಂದು ಸ್ಪ್ರಿಂಗು. ಕಿತ್ತಿದ್ದೇನೆ, ಏನು ಮಾಡುತ್ತೀಯೋ ಮಾಡು ಎಂದು ಕೆಣಕಿದಂತಿತ್ತು.

"ಇದನ್ನೂ ಹಾಕ್ತೀನಿ. ಕೂತ್ಕೊಂಡು ನೋಡಿ," ಎಂದಳು.

ನೆಲದ ಮೇಲೆ ಪೇಪರು ಹಾಸಿ ಹಬ್ ಬಿಚ್ಚಿದಳು. ತೆಗೆದದ್ದನ್ನೆಲ್ಲ ಸಾಲಾಗಿ ಇಟ್ಟಳು. ಸ್ಪ್ರಿಂಗು ಎರಡು ಸಲ ಚಿಮ್ಮಿ ಮೂಲೆ ಸೇರಿತು. ಬೀದಿಯಲ್ಲಿ ಸ್ಕೂಟರುಗಳ ಸದ್ದು ಶುರುವಾಯಿತು. ನಮಾಜು ಬಿಟ್ಟಿತ್ತು. ಹಲ್ಲಿನ ಚಕ್ರವೊಂದನ್ನು ಒಳಗಿಡಹೋದಾಗ ಮಾವ ಒರಟಾಗಿ ಗುರುಗುಟ್ಟಿದರು. ಬೆದರಿ ಕೈ ತಡೆದಳು. ನೋಡಿದರೆ, ತಿರುಗುಮುರುಗಾಗಿ ಹಿಡಿದಿದ್ದಳು. ಸರಿಮಾಡಿ ಕೂರಿಸಿದಳು. ಸ್ಪ್ರಿಂಗು ಮೂರನೆಯ ಸಲ ಕಚ್ಚಿಕೊಂಡಿತು. ಚಕ್ರ ಸಿಕ್ಕಿಸಿ ಪೆಡಲು ತಿರುಗಿಸಿದರೆ ಸಣ್ಣಗೆ ಟಿಕ್ ಟಿಕ್ ಸದ್ದು.

ರಹಮತುಲ್ಲಾರ ಸರಿಯಿದ್ದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಸೋತ ಕಣ್ಣೀರು ಎಂದುಕೊಂಡಳು. ಒರೆಸಲಿಲ್ಲ. ಸಾಕಿಬ್ ಒಳಗೆ ಬಂದು ಸೈಕಲ್ಲನ್ನು ಒಮ್ಮೆ ನೋಡಿದ, ಕೈ ತೊಳೆಯಲು ಹೋದ.

ಆ ಮನೆಯಲ್ಲಿ ಸೈಕಲ್ಲು ಇಡುವುದಾದರೆ ಇದಕ್ಕೆ ಕೊನೆಯಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಶನಿವಾರ ಬೊಟೀಕಿಗೆ ಹೋಗದೆ ಹೆಬ್ಬಾಳಕ್ಕೆ ಸೈಕಲ್ಲು ತುಳಿದಳು. ಅಲ್ಲಿ ಬಾಡಿಗೆ ಸೈಕಲ್ಲುಗಳ ಡಿಪೋದ ಗೇಟಿನಲ್ಲಿ ಮೆಕ್ಯಾನಿಕ್ ಬೇಕಾಗಿದ್ದಾರೆ ಎಂದು ಬೋರ್ಡಿತ್ತು. ಕೆಲಸಕ್ಕೆ ಸೇರಿದರೆ ಕಂಪನಿಯದೇ ಸೈಕಲ್ಲು, ರಿಪೇರಿಯೂ ಅವರದೇ. ಮಾವನ ಕೈಗೆ ಎಟುಕದ ಸೈಕಲ್ಲು.

ಡಿಪೋ ನೋಡಿಕೊಳ್ಳುತ್ತಿದ್ದ ಮುರುಗೇಶ್ ಐವತ್ತರ ಆಸುಪಾಸಿನವರು. ಅವಳನ್ನು ಮೇಲಿಂದ ಕೆಳಗೆ ನೋಡಿ, ಸಾಲಾಗಿ ನಿಂತ ನಾಲ್ಕು ಸೈಕಲ್ಲು ತೋರಿಸಿದರು. "ನಾಲ್ಕರಲ್ಲೂ ಒಂದೊಂದು ತೊಂದರೆ ಇದೆ. ಮಾಡಮ್ಮ, ನೋಡೋಣ."

ಮೊದಲನೆಯದರಲ್ಲಿ ಕೇಬಲ್ ಸಡಿಲ. ಎರಡನೆಯದರಲ್ಲಿ ಕೋನು ಬಿಗಿ. ಮೂರನೆಯದನ್ನು ಬಿಚ್ಚಿದರೆ ಗಟ್ಟಿ ಗ್ರೀಸು. ನಾಲ್ಕನೆಯದನ್ನು ಮುಟ್ಟುವ ಮೊದಲೇ, "ಸ್ಪ್ರಿಂಗ್ ಇಲ್ಲ ಅಲ್ವಾ ಸರ್?" ಎಂದಳು.

ಮುರುಗೇಶ್ ಟೀ ಲೋಟ ಕೆಳಗಿಟ್ಟರು. "ಯಾರ ಹತ್ರ ಕಲಿತ್ರಿ?"

"ಯಾರೂ ಕಲಿಸಿಲ್ಲ ಸರ್. ನನ್ ಸೈಕಲ್ ಕೆಡ್ತಾ ಇತ್ತು, ನಾನೇ ಬಿಚ್ಕೊಂಡು ನೋಡ್ದೆ."

"ಸುಮ್ನಿರಮ್ಮ," ಎಂದು ನಕ್ಕರು. "ಕೇಬಲ್ಲು, ಕೋನು, ಗ್ರೀಸು, ಸ್ಪ್ರಿಂಗು. ನನಗೂ ಇದೇ ವರಸೆ. ನಮ್ ಮೇಸ್ತ್ರಿ ಬಾಯ್ಬಿಟ್ಟು ಒಂದಕ್ಷರ ಹೇಳ್ಕೊಡ್ತಿರಲಿಲ್ಲ. ರಜಾ ದಿನ ನೋಡ್ಕೊಂಡು ವಾರಕ್ಕೊಂದು ಕೆಡಿಸಿ ಮುಂದೆ ಇಡೋರು. ನಾಲ್ಕು ದಾಟಿದ್ರೆ ಅವನು ಮೆಕ್ಯಾನಿಕ್ಕು."

ನಿಶಾತ್ ಸ್ಪ್ಯಾನರ್ ಹಿಡಿದೇ ಎದ್ದು ನಿಂತಳು. "ಯಾರು ಸರ್ ನಿಮ್ ಮೇಸ್ತ್ರಿ?"

"ತಣಿಸಂದ್ರದ ರಹಮತುಲ್ಲಾ ಸಾಬ್ರು."