ತಳದಲ್ಲಿ ಉಳಿದ ದನಿ

ಹಳೆಯ ಪಾತ್ರೆಗಳು ಕೇಳಿದ ಮಾತನ್ನೆಲ್ಲ ಕಿಲುಬಿನಲ್ಲಿ ಹಿಡಿದಿಟ್ಟುಕೊಳ್ಳುತ್ತವೆಂಬುದು ಗದುಗಿನಲ್ಲಿ ಎಲ್ಲರಿಗೂ ಗೊತ್ತು. ಬೆಲೆ ಕಟ್ಟುವವರು ಪಾತ್ರೆ ಬಿಸಿ ಮಾಡಿ ಆ ದನಿ ಕೇಳುತ್ತಾರೆ. ಆದರೂ ಕಿಲುಬು ಹಿಡಿದ ಕೊಡ ಹೊತ್ತು ನಾಲ್ಕು ಮಂದಿಯೆದುರು ಹೋಗುವುದುಂಟೇ? ನೀಲವ್ವ ತೀರಿಹೋದ ಅತ್ತೆಯ ತಾಮ್ರದ ಕೊಡವನ್ನು ಹುಣಸೆಹಣ್ಣು ಹಚ್ಚಿ, ಫಳಫಳ ಬೆಳಗಿಯೇ ಬೆಲೆ ಕಟ್ಟುವ ಪರೀಕ್ಷಕನ ಬಳಿ ತಂದಳು.

“ತಿಕ್ಕಿ ತಂದೀರೇನ್ರಿ ಯವ್ವಾ? ಮೂರು ತಲೆಮಾರಿನ ಮಾತು ಮೋರಿಗೆ ಹೋತಲ್ರಿ!” ಎಂದು ಪರೀಕ್ಷಕ ಹಣೆ ಚಚ್ಚಿಕೊಂಡ.

ನೀಲವ್ವನ ಕಣ್ಣು ತುಂಬಿತು. ಅತ್ತೆಯ ದನಿ ಇನ್ನೆಲ್ಲೂ ಇರಲಿಲ್ಲ.

ಆದರೂ ಅವನು ಕೊಡ ಬಿಸಿ ಮಾಡಿ ನೋಡಿದ. ತಳದ ಅಂಚಿನಲ್ಲಿ ಬೆರಳಗಲ ಕಿಲುಬು ಉಳಿದಿತ್ತು. ಅಲ್ಲಿಂದ ಅತ್ತೆ ಗದರಿದಳು: “ತಳಾ ಯಾರ ತಿಕ್ಕಬೇಕು, ನಿಮ್ಮವ್ವ ಬರ್ತಾಳೇನ?”

ನೀಲವ್ವ ಥಟ್ಟನೆ ತಲೆಯ ಮೇಲೆ ಸೆರಗೆಳೆದುಕೊಂಡು, “ಇನ್ನೆಂದೂ ತಿಕ್ಕೂದಿಲ್ರಿ, ಅತ್ತೀ” ಅಂದಳು.